ಮನೆ ಕಟ್ಟಿ ನೋಡಿದ ಬೆಸ್: ಹಾರ್ಡ್‌ವಿಕ್ ಹಾಲ್ ಒಡತಿಯ ಬದುಕು

ಲಂಡನ್ನಿನಿಂದ ಶೆಫೀಲ್ಡ್, ಲೀಡ್ಸ್ ಕಡೆಗೆ ಎಂ1 ಹೆದ್ದಾರಿಯಲ್ಲಿ ಕೋಚ್ ಹತ್ತಿ ಹೋದವರು ನಮ್ಮಲ್ಲಿ ಬಹಳ ಜನ ಇದ್ದೇವೆ. ಡರ್ಬಿಷೈರ್ ದಾಟುವಾಗ, 29ನೇ ಜಂಕ್ಷನ್ ಬರುವ ಸ್ವಲ್ಪ ಮುಂಚೆ ಬಲಗಡೆ ಗುಡ್ಡದ ನೆತ್ತಿಯ ಮೇಲೆ ಒಂದು ದೊಡ್ಡ ಕಲ್ಲಿನ ಮನೆ ಕಾಣುತ್ತೆ. ಅದಕ್ಕೆ ಆರು ಗೋಪುರ, ಮೈತುಂಬ ಕಿಟಕಿ. ಸಂಜೆ ಬಿಸಿಲು ಬಿದ್ದರೆ ಗಾಜೆಲ್ಲ ಹೊಳೆಯುತ್ತೆ. ಹ್ಯಾರಿ ಪಾಟರ್ ಸಿನಿಮಾ ನೋಡಿದವರಿಗೆ ಈ ಮನೆ ಇನ್ನೊಂದು ರೀತಿಯಲ್ಲೂ ಪರಿಚಯ. ಮಾಲ್ಫಾಯ್ ಮನೆತನದ ಬಂಗಲೆ ಅಂತ ತೋರಿಸಿದ್ದು ಇದರ ಹೊರನೋಟವನ್ನೇ. ನಿಜವಾದ ಹೆಸರು ಹಾರ್ಡ್‌ವಿಕ್ ಹಾಲ್. ಇದನ್ನು ಕಟ್ಟಿಸಿದವಳು ಬೆಸ್, ಅಂದ್ರೆ ಎಲಿಜಬೆತ್. ಇತಿಹಾಸದಲ್ಲಿ ಆಕೆಯನ್ನು ಬೆಸ್ ಆಫ್ ಹಾರ್ಡ್‌ವಿಕ್ ಅಂತಲೇ ಕರೆಯುತ್ತಾರೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ನಮ್ಮ ಹಿರಿಯರು ಹೇಳ್ತಾರಲ್ಲ, ಬೆಸ್ ಆ ಎರಡನ್ನೂ ಬೇಕಾದಷ್ಟು ಸಲ ಮಾಡಿ ನೋಡಿದವಳು. ತಾನು ನಾಲ್ಕು ಸಲ ಮದುವೆಯಾದಳು, ಮಕ್ಕಳ ಮದುವೆಗಳನ್ನು ಚದುರಂಗದ ನಡೆಯ ಹಾಗೆ ಲೆಕ್ಕ ಹಾಕಿ ಮಾಡಿಸಿದಳು. ಜೀವಮಾನವಿಡೀ ಒಂದಲ್ಲ ಒಂದು ಕಡೆ ಗೋಡೆ ಏಳಿಸುತ್ತಲೇ ಇದ್ದಳು. ಸಣ್ಣ ಜಮೀನುದಾರರ ಮನೆಯಲ್ಲಿ ಹುಟ್ಟಿದವಳು ಸಾಯುವ ಹೊತ್ತಿಗೆ ಇಂಗ್ಲೆಂಡಿನ ಅತಿ ಶ್ರೀಮಂತ ಹೆಂಗಸರಲ್ಲಿ ಒಬ್ಬಳಾಗಿದ್ದಳು. ಆಸ್ತಿಯಲ್ಲಿ ಆಕೆಗಿಂತ ಮೇಲಿದ್ದವಳು ರಾಣಿ ಒಂದನೇ ಎಲಿಜಬೆತ್ ಮಾತ್ರ ಅಂತ ಚರಿತ್ರೆ ಬರೆದ ಹಲವರು ಹೇಳುತ್ತಾರೆ. ಹೆಂಡತಿಯ ಆಸ್ತಿಯೆಲ್ಲ ಗಂಡನ ಕೈಯಲ್ಲಿ ಅನ್ನುವ ಕಾನೂನು ಇದ್ದ ಕಾಲದಲ್ಲಿ ಇದು ಹೇಗಾಯ್ತು? ಉತ್ತರ ಬೇಕಾದರೆ ಆಕೆಯ ಬದುಕನ್ನೂ ಆ ಮನೆಯನ್ನೂ ಒಟ್ಟಿಗೆ ನೋಡಬೇಕು.

ಹುಟ್ಟಿದ ಮನೆ

ಇಂಗ್ಲೆಂಡಿನ ಹಳ್ಳಿಗಳಲ್ಲಿ ಮೇನರ್ ಅಂದ್ರೆ ಒಂದು ಜಹಗೀರು ಇದ್ದ ಹಾಗೆ. ಅದರ ಒಡೆಯ ಇರುವ ಮನೆ ಮೇನರ್ ಹೌಸ್. ನಮ್ಮ ಕಡೆ ಪಟೇಲರ ಮನೆ, ಗೌಡರ ಮನೆ ಅಂದ ಹಾಗೆ ಅಂತ ಇಟ್ಟುಕೊಳ್ಳಿ. ಸುತ್ತಲಿನ ರೈತರು ಗೇಣಿ ತಂದು ಕೊಡುತ್ತಿದ್ದದ್ದು, ಜಗಳ ತೀರ್ಮಾನ ಆಗುತ್ತಿದ್ದದ್ದು ಅಲ್ಲೇ. ಹಾರ್ಡ್‌ವಿಕ್ ಗುಡ್ಡದ ಮೇಲೆ ಇದ್ದದ್ದು ಇಂಥದ್ದೇ ಒಂದು ಸಾಧಾರಣ ಮೇನರ್ ಮನೆ. 1520ರ ದಶಕದಲ್ಲಿ ಬೆಸ್ ಹುಟ್ಟಿದ್ದು ಅಲ್ಲಿ. ಕುಟುಂಬಕ್ಕೆ ಕೆಲವು ನೂರು ಎಕರೆ ಜಮೀನು, ಊರಲ್ಲಿ ಮರ್ಯಾದೆ. ಅದಕ್ಕಿಂತ ಹೆಚ್ಚೇನೂ ಇರಲಿಲ್ಲ.

ತಂದೆ ಜಾನ್ ಹಾರ್ಡ್‌ವಿಕ್ 1528ರಲ್ಲಿ ತೀರಿಕೊಂಡ. ಬೆಸ್ ಇನ್ನೂ ಸಣ್ಣವಳು, ಗಂಡು ವಾರಸುದಾರ ಜೇಮ್ಸ್ ಕೂಡ ಮಗು. ಆಗಿನ ಪದ್ಧತಿಯಲ್ಲಿ ವಾರಸುದಾರ ಪ್ರಾಯಕ್ಕೆ ಬರದಿದ್ದರೆ ಜಮೀನಿನ ಉಸ್ತುವಾರಿಯನ್ನು ರಾಜನ ಕಡೆಯವರು ತೆಗೆದುಕೊಳ್ಳುತ್ತಿದ್ದರು. ಅದನ್ನು ಹಣ ಕೊಟ್ಟವರಿಗೆ ವಹಿಸುವುದೂ ಇತ್ತು. ಹುಡುಗ ದೊಡ್ಡವನಾಗುವ ತನಕ ಜಮೀನಿನ ವರಮಾನ ಬೇರೆಯವರ ಪಾಲು. ಹೆಣ್ಣುಮಕ್ಕಳಿಗೆ ಅಪ್ಪ ಬಿಟ್ಟು ಹೋದದ್ದು ಮದುವೆಗೆ ಅಂತ ತಲಾ 40 ಮಾರ್ಕ್, ಅಂದ್ರೆ 27 ಪೌಂಡಿಗೂ ಸ್ವಲ್ಪ ಕಡಿಮೆ. ತಾಯಿ ಮತ್ತೆ ಮದುವೆಯಾದಳು. ಆ ಗಂಡ ಸಾಲದಲ್ಲಿ ಮುಳುಗಿ ಜೈಲು ಕಂಡ. ಜಮೀನು ಕಾಗದದ ಮೇಲೆ ತಮ್ಮದಾಗಿದ್ದೂ ಕೈಗೆ ಸಿಗದೇ ಇರುವುದು ಹೇಗಿರುತ್ತೆ ಅನ್ನೋದನ್ನು ಬೆಸ್ ಬಾಲ್ಯದಲ್ಲೇ ನೋಡಿದಳು. ಮುಂದೆ ಆಕೆ ಪ್ರತಿ ಪತ್ರಕ್ಕೂ, ಪ್ರತಿ ಲೆಕ್ಕಕ್ಕೂ ಅಷ್ಟು ಗಟ್ಟಿಯಾಗಿ ಅಂಟಿಕೊಂಡದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ನಾಲ್ಕು ಮದುವೆಗಳು

ಮೊದಲನೇ ಗಂಡ ರಾಬರ್ಟ್ ಬಾರ್ಲೋ ಪಕ್ಕದ ಊರಿನ ಹುಡುಗ. ಮದುವೆಯಾಗಿ ಹೆಚ್ಚು ದಿನ ಆಗಿರಲಿಲ್ಲ, 1544ರ ಡಿಸೆಂಬರಿನಲ್ಲಿ ತೀರಿಕೊಂಡ. ಗಂಡನ ಜಮೀನಿನ ವರಮಾನದಲ್ಲಿ ಮೂರನೇ ಒಂದು ಪಾಲು ವಿಧವೆಗೆ ಸಿಗಬೇಕು ಅನ್ನುವ ಕಾನೂನು ಇತ್ತು. ಕೊಡುವವರು ಕೊಡಲಿಲ್ಲ. ಬೆಸ್ ಸುಮ್ಮನಾಗದೆ ಕೋರ್ಟಿಗೆ ಹೋಗಿ, ಹಟ ಹಿಡಿದು ತನ್ನ ಪಾಲು ತೆಗೆದುಕೊಂಡಳು. ಆಗ ಆಕೆಗೆ ನಮ್ಮ ಪದವಿ ವಿದ್ಯಾರ್ಥಿಗಳ ವಯಸ್ಸು.

ಎರಡನೆಯವನು ಸರ್ ವಿಲಿಯಂ ಕ್ಯಾವೆಂಡಿಶ್. ಎಂಟನೇ ಹೆನ್ರಿ ಕ್ರೈಸ್ತ ಮಠಗಳನ್ನು ಮುಚ್ಚಿಸಿ ಆಸ್ತಿ ವಶಪಡಿಸಿಕೊಂಡಾಗ ಅದರ ಲೆಕ್ಕ ನೋಡಿ ಮೇಲೆ ಬಂದ ಅಧಿಕಾರಿ. ವಯಸ್ಸಿನಲ್ಲಿ ಬೆಸ್‌ಗಿಂತ ಬಹಳ ದೊಡ್ಡವನು. 1547ರಲ್ಲಿ ಮದುವೆಯಾಯ್ತು. ಬೇರೆ ಕಡೆ ಹರಡಿಕೊಂಡಿದ್ದ ತನ್ನ ಜಮೀನುಗಳನ್ನು ಬಿಟ್ಟು ಅವನು ಡರ್ಬಿಷೈರಿನಲ್ಲಿ ಆಸ್ತಿ ಮಾಡತೊಡಗಿದ. ಅದು ಬೆಸ್‌ಳ ತವರು ಸೀಮೆ. 1549ರಲ್ಲಿ 600 ಪೌಂಡಿಗೆ ಚಾಟ್ಸ್‌ವರ್ತ್ ಕೊಂಡರು. 1552ರಲ್ಲಿ ಅಲ್ಲಿ ಹೊಸ ಮನೆ ಶುರುವಾಯ್ತು. ಬೆಸ್‌ಗೆ ಕಟ್ಟಡದ ಹುಚ್ಚು ಹಿಡಿದದ್ದು ಅಲ್ಲಿಂದಲೇ. ಎಂಟು ಮಕ್ಕಳು ಹುಟ್ಟಿ ಆರು ಉಳಿದವು. 1557ರಲ್ಲಿ ಕ್ಯಾವೆಂಡಿಶ್ ಸತ್ತಾಗ ಸರ್ಕಾರದ ಲೆಕ್ಕದಲ್ಲಿ 5,000 ಪೌಂಡಿಗೂ ಹೆಚ್ಚು ಕೊರತೆ ಬಿದ್ದಿತ್ತು. ಅದನ್ನು ತೀರಿಸುವ ಹೊಣೆ ಬೆಸ್ ತಲೆ ಮೇಲೆ ಬಂತು. ಚಾಟ್ಸ್‌ವರ್ತ್ ಮಾರಿಬಿಟ್ಟಿದ್ದರೆ ಸುಲಭವಾಗುತ್ತಿತ್ತು. ಆಕೆ ಮಾರಲಿಲ್ಲ.

ಮೂರನೆಯವನು ಸರ್ ವಿಲಿಯಂ ಸೇಂಟ್ ಲೋ, ರಾಣಿಯ ಅಂಗರಕ್ಷಕ ಪಡೆಯ ನಾಯಕ. 1559ರಲ್ಲಿ ಮದುವೆ. ರಾಣಿಯ ಹತ್ತಿರ ಅವನಿಗಿದ್ದ ಸಲುಗೆಯಿಂದ ಆ ಹಳೆ ಸಾಲ ಸಣ್ಣ ಮೊತ್ತಕ್ಕೆ ಇತ್ಯರ್ಥವಾಯ್ತು. ಚಾಟ್ಸ್‌ವರ್ತ್ ಕೆಲಸವೂ ಮುಂದುವರಿಯಿತು. 1565ರಲ್ಲಿ ಅವನು ಸತ್ತಾಗ ತನ್ನ ಆಸ್ತಿಯನ್ನೆಲ್ಲ ಬೆಸ್ ಹೆಸರಿಗೇ ಬರೆದಿಟ್ಟಿದ್ದ. ಅವನ ಕಡೆಯವರಿಗೆ ಸಿಟ್ಟು ಬಂದದ್ದರಲ್ಲಿ ಆಶ್ಚರ್ಯ ಇಲ್ಲ.

ನಾಲ್ಕನೆಯವನು ಶ್ರೂಸ್‌ಬರಿಯ ಆರನೇ ಅರ್ಲ್ ಜಾರ್ಜ್ ಟ್ಯಾಲ್ಬಟ್, ದೇಶದ ದೊಡ್ಡ ಭೂಮಾಲೀಕರಲ್ಲಿ ಒಬ್ಬ. ಮದುವೆ 1567ರಲ್ಲಿ. ಸಂಬಂಧ ಇನ್ನೂ ಬಿಗಿಯಾಗಲಿ ಅಂತ 1568ರಲ್ಲಿ ಎರಡು ಕಡೆಯ ಮಕ್ಕಳಿಗೂ ಮದುವೆ ಮಾಡಿಸಿದರು. ಬೆಸ್‌ಳ ಮಗಳು ಮೇರಿಗೆ ಅರ್ಲ್‌ನ ಮಗ ಗಿಲ್ಬರ್ಟ್, ಬೆಸ್‌ಳ ಮಗ ಹೆನ್ರಿಗೆ ಅರ್ಲ್‌ನ ಮಗಳು ಗ್ರೇಸ್. ಮೇರಿಗೆ 12 ವರ್ಷ, ಗ್ರೇಸ್‌ಗೆ 8. ನಮ್ಮ ಅಜ್ಜಿ ಮುತ್ತಜ್ಜಿಯರ ಬಾಲ್ಯವಿವಾಹದ ಕಥೆ ಕೇಳಿದವರಿಗೆ ಇದು ದೂರದ ಲೋಕ ಅನ್ನಿಸಲಿಕ್ಕಿಲ್ಲ. ಜಮೀನು ಜಮೀನನ್ನು ಮದುವೆಯಾದ ಹಾಗೆ, ಮಕ್ಕಳು ನಡುವಿನ ಸಾಕ್ಷಿಗಳು.

ರಾಣಿಯೊಬ್ಬಳ ಕಾವಲು

1569ರಲ್ಲಿ ಎಲಿಜಬೆತ್ ರಾಣಿ ಶ್ರೂಸ್‌ಬರಿ ದಂಪತಿಗೆ ಒಂದು ಕೆಲಸ ವಹಿಸಿದಳು. ಸ್ಕಾಟ್ಲೆಂಡಿನಿಂದ ಓಡಿಬಂದಿದ್ದ ರಾಣಿ ಮೇರಿಯನ್ನು ತಮ್ಮ ಮನೆಗಳಲ್ಲಿ ಇಟ್ಟುಕೊಂಡು ಕಾಯಬೇಕು. ಗೌರವದ ಕೆಲಸವೇ, ಆದರೆ 15 ವರ್ಷ ಮುಗಿಯಲಿಲ್ಲ. ಟಟ್‌ಬರಿ, ವಿಂಗ್‌ಫೀಲ್ಡ್, ಚಾಟ್ಸ್‌ವರ್ತ್, ಶೆಫೀಲ್ಡ್ ಅಂತ ಮೇರಿಯನ್ನೂ ಅವಳ ಪರಿವಾರವನ್ನೂ ಮನೆಯಿಂದ ಮನೆಗೆ ಸಾಗಿಸಬೇಕು. ಖರ್ಚಿಗೆ ಸರ್ಕಾರ ಕೊಡುವ ಹಣ ಸಾಲದು. ಯಾರಾದರೂ ಮೇರಿಯನ್ನು ಬಿಡಿಸಿಕೊಂಡು ಹೋದರೆ ತಮ್ಮ ತಲೆಗೇ ಬರುತ್ತೆ. ಮೊದಮೊದಲು ಬೆಸ್ ಮತ್ತು ಮೇರಿ ಒಟ್ಟಿಗೆ ಕೂತು ಕಸೂತಿ ಹಾಕುತ್ತಿದ್ದರು. ಅವರ ಕೈಯ ಕಸೂತಿ ತುಣುಕುಗಳು ಈಗಲೂ ಉಳಿದಿವೆ. ವರ್ಷಗಳು ಕಳೆದ ಹಾಗೆ ಸ್ನೇಹ ಅನುಮಾನವಾಯ್ತು. ಅರ್ಲ್‌ಗೂ ಮೇರಿಗೂ ಸಂಬಂಧ ಇದೆ ಅನ್ನುವ ಗಾಳಿಸುದ್ದಿ ಆಸ್ಥಾನದವರೆಗೆ ಹೋಯಿತು. ಕೊನೆಗೆ ಬೆಸ್ ಮತ್ತು ಆಕೆಯ ಗಂಡುಮಕ್ಕಳು ಆ ಸುದ್ದಿ ಸುಳ್ಳು ಅಂತ ಒಪ್ಪಿಕೊಳ್ಳಬೇಕಾಯ್ತು.

ಇದರ ನಡುವೆ ಗಂಡ ಹೆಂಡತಿ ಸಂಬಂಧ ಮುರಿದುಬಿತ್ತು. ಜಗಳದ ಮೂಲ ಆಸ್ತಿ. 1572ರಲ್ಲಿ ಅರ್ಲ್ ತಾನು ಕೊಡಬೇಕಾಗಿದ್ದ ಹಣದ ಬದಲಿಗೆ ಕೆಲವು ಜಮೀನುಗಳನ್ನು ಬೆಸ್ ಮತ್ತು ಆಕೆಯ ಮಕ್ಕಳಿಗೆ ಬರೆದುಕೊಟ್ಟಿದ್ದ. ಆಮೇಲೆ ಅವನಿಗೆ ಅದು ಸರಿಬರಲಿಲ್ಲ. ಗೇಣಿ ವಸೂಲಿಗೆ ತನ್ನ ಆಳುಗಳನ್ನು ಕಳಿಸಿದ. 1584ರಲ್ಲಿ ಬೆಸ್ ತಾನೇ ಕಟ್ಟಿಸಿದ್ದ ಚಾಟ್ಸ್‌ವರ್ತ್ ಬಿಟ್ಟು ಹೊರಡಬೇಕಾಯ್ತು. ಪಂಚಾಯ್ತಿ ರಾಣಿಯ ಮಂತ್ರಿಗಳವರೆಗೆ ಹೋಯಿತು. ಬಹುಪಾಲು ತೀರ್ಪು ಬೆಸ್ ಕಡೆಗೇ ಬಂದರೂ ಮನೆ ಮತ್ತೆ ಮನೆಯಾಗಲಿಲ್ಲ.

ಆಗ ಹೋದದ್ದು ಹುಟ್ಟಿದ ಊರಿಗೆ. ತಮ್ಮ ಜೇಮ್ಸ್ ಸಾಲ ಮಾಡಿ ದಿವಾಳಿಯಾಗಿ 1581ರಲ್ಲಿ ಲಂಡನ್ನಿನ ಫ್ಲೀಟ್ ಜೈಲಿನಲ್ಲಿ ಸತ್ತಿದ್ದ. 1583ರಲ್ಲಿ ಹಾರ್ಡ್‌ವಿಕ್ ಆಸ್ತಿಯನ್ನು 9,500 ಪೌಂಡಿಗೆ ಕೊಂಡುಕೊಂಡದ್ದಾಗಿತ್ತು. ಅದು ಎರಡನೇ ಮಗ ವಿಲಿಯಂ ಹೆಸರಿನಲ್ಲಿ. ಗಂಡ ಬದುಕಿದ್ದಾಗ ಹೆಂಡತಿಯ ಹೆಸರಿನಲ್ಲಿ ಕೊಂಡರೆ ಅದೂ ಗಂಡನದ್ದೇ ಆಗಿಬಿಡುವ ಅಪಾಯ ಇತ್ತಲ್ಲ! ಅಪ್ಪ ಸತ್ತಾಗ ಕೈತಪ್ಪಿದ್ದ ಮನೆ ಮಗಳ ಹಣದಿಂದ ಮತ್ತೆ ದಕ್ಕಿತು.

ಹಳೆ ಮನೆ, ಹೊಸ ಮನೆ

ಬೆಸ್ ಮೊದಲು ಕೈ ಹಾಕಿದ್ದು ಹಳೆ ಮೇನರ್ ಮನೆಗೆ. 1587ರಿಂದ ಅದನ್ನು ಎತ್ತರಿಸಿ, ಅಗಲಿಸಿ, ಎರಡು ದೊಡ್ಡ ಸಭಾಂಗಣ ಸೇರಿಸಿ ಬೆಳೆಸಿದಳು. ಹಳೆಯದಕ್ಕೆ ಹೊಸದನ್ನು ಜೋಡಿಸುತ್ತಾ ಹೋದದ್ದರಿಂದ ಅದಕ್ಕೆ ಒಂದು ಅಚ್ಚುಕಟ್ಟು ಬರಲಿಲ್ಲ. ಅಷ್ಟರಲ್ಲಿ 1590ರ ನವೆಂಬರಿನಲ್ಲಿ ಅರ್ಲ್ ತೀರಿಕೊಂಡ. ವಿಧವೆಯ ಪಾಲು, ಕ್ಯಾವೆಂಡಿಶ್ ಆಸ್ತಿ, ಸೇಂಟ್ ಲೋ ಆಸ್ತಿ, ಎಲ್ಲದರ ವರಮಾನ ಈಗ ಆಕೆಯ ಕೈಯಲ್ಲಿ. ಯಾರನ್ನೂ ಕೇಳಬೇಕಾಗಿಲ್ಲ. ಹಳೆ ಮನೆ ಕೆಲಸ ಇನ್ನೂ ನಡೆಯುತ್ತಿದ್ದಾಗಲೇ, ಕೂಗಳತೆ ದೂರದಲ್ಲಿ ಹೊಸ ಮನೆಗೆ ಪಾಯ ಬಿತ್ತು. ಹತ್ತಿರ ಹತ್ತಿರ 70 ವರ್ಷದ ಹೆಂಗಸು ಶುರು ಮಾಡಿದ ಕೆಲಸ ಇದು.

ನಕ್ಷೆ ರಾಬರ್ಟ್ ಸ್ಮಿತ್‌ಸನ್‌ನದು ಅಂತ ವಿದ್ವಾಂಸರ ಅಭಿಪ್ರಾಯ. ಲಾಂಗ್‌ಲೀಟ್‌ನಲ್ಲಿ ಕಲ್ಲುಕುಟಿಗನಾಗಿ ದುಡಿದು, ನಾಟಿಂಗ್‌ಹ್ಯಾಂ ಹತ್ತಿರದ ವುಲಟನ್ ಹಾಲ್ ಕಟ್ಟಿದವನು ಅವನು. ಕಲ್ಲು ಗುಡ್ಡದ ಕೆಳಗಿನ ಸ್ವಂತ ಕ್ವಾರಿಯದು. ಮರ ಸ್ವಂತ ಕಾಡಿನದು. ಸೀಸ, ಗಾಜು ಕೂಡ ಸ್ವಂತದ್ದೇ. ಕೆಲಸಗಾರರ ಲೆಕ್ಕದ ಪುಸ್ತಕಗಳು ಉಳಿದಿವೆ. ಆಕೆ ತಾನೇ ಲೆಕ್ಕ ನೋಡಿ ರುಜು ಹಾಕುತ್ತಿದ್ದಳು. ಹಾಗಾಗಿ ಅಬ್ರಹಾಂ ಸ್ಮಿತ್ ಎಂಬ ಗಾರೆ ಕುಶಲಿ, ಥಾಮಸ್ ಏಕರ್ಸ್ ಎಂಬ ಕಲ್ಲಿನ ಕೆಲಸಗಾರ ಇವರ ಹೆಸರುಗಳು ನಮಗೆ ಇವತ್ತೂ ಗೊತ್ತು. ನಾಲ್ಕು ಶತಮಾನ ಹಿಂದಿನ ಕೂಲಿಯವರ ಹೆಸರು ಉಳಿಯುವುದು ಅಪರೂಪ.

ಆ ಕಾಲದ ಇಂಗ್ಲಿಷ್ ದೊಡ್ಡ ಮನೆಗಳು ಸಾಮಾನ್ಯವಾಗಿ ನಮ್ಮ ತೊಟ್ಟಿ ಮನೆಯ ಹಾಗೆ. ನಡುವೆ ಅಂಗಳ, ಸುತ್ತ ಕೋಣೆಗಳು, ಹೊರಗೆ ಗೋಡೆ. ಹಾರ್ಡ್‌ವಿಕ್ ಹಾಗಲ್ಲ. ಅಂಗಳವೇ ಇಲ್ಲದ ಒಂದು ಉದ್ದನೆಯ ಆಯತ, ಅದಕ್ಕೆ ಆರು ಚೌಕ ಗೋಪುರ. ಎದುರಿನಿಂದ ನೋಡಿದರೂ ಹಿಂದಿನಿಂದ ನೋಡಿದರೂ ಎಡ ಬಲ ಒಂದೇ ಸಮ. ಮೊದಲೆಲ್ಲ ದೊಡ್ಡ ಹಜಾರವನ್ನು ಮನೆಯ ಮುಂಭಾಗಕ್ಕೆ ಅಡ್ಡಲಾಗಿ ಇಡುತ್ತಿದ್ದರು, ಬಾಗಿಲು ಒಂದು ಮೂಲೆಗೆ ಬರುತ್ತಿತ್ತು. ಇಲ್ಲಿ ಹಜಾರವನ್ನು ತಿರುಗಿಸಿ ಮುಂಬಾಗಿಲಿನಿಂದ ಹಿಂಬದಿಯವರೆಗೆ ನೇರವಾಗಿ ಇಟ್ಟರು. ಬಾಗಿಲು ಸರಿಯಾಗಿ ನಡುವಿಗೆ ಬಂತು. ಆರ್ಕಿಟೆಕ್ಚರ್ ಓದುವ ನಮ್ಮ ಗೆಳೆಯರು ಇದನ್ನು ಒಂದು ದೊಡ್ಡ ತಿರುವು ಅಂತ ಹೇಳುತ್ತಾರೆ.

ಇನ್ನು ಕಿಟಕಿಗಳು. ಗಾಜು ಆಗ ದುಬಾರಿ ಮಾಲು, ಸಾಮಾನ್ಯರ ಮನೆಗೆ ಎಟುಕದ್ದು. ಇಲ್ಲಿ ಗೋಡೆಯೇ ಗಾಜಾಗಿಬಿಟ್ಟಿದೆ. ಆ ಕಿಟಕಿಗಳ ಮೇಲೆ ಜನ ಪ್ರಾಸ ಕಟ್ಟಿ ಆಡಿಕೊಂಡರು. ಇಷ್ಟು ಗಾಜು ಇಡೋಕೆ ಸಾಧ್ಯವಾದದ್ದು ಒಂದು ಉಪಾಯದಿಂದ. ಹೊಗೆಗೂಡುಗಳನ್ನು ಹೊರಗೋಡೆಗಳ ಬದಲು ಹೆಚ್ಚಾಗಿ ಮನೆಯ ಒಳಗಿನ ದಪ್ಪ ಗೋಡೆಗಳಿಗೆ ಸೇರಿಸಿದರು. ಹೊರಗೋಡೆ ಹಗುರಾಯ್ತು, ಕಿಟಕಿಗೆ ಜಾಗ ಬಂತು. ಎಲ್ಲ ಕಿಟಕಿಯೂ ನಿಜದ್ದಲ್ಲ ಅನ್ನೋದು ತಮಾಷೆ. ಹೊರಗಿನ ಸಮತೋಲ ಕೆಡಬಾರದು ಅಂತ ಕೆಲವು ಕಿಟಕಿಗಳ ಹಿಂದೆ ಬರೀ ಗೋಡೆ ಇದೆ. ಇನ್ನು ಕೆಲವು ಹೊರಗಿನಿಂದ ಒಂದೇ ಕಿಟಕಿ, ಒಳಗೆ ಎರಡು ಅಂತಸ್ತಿಗೆ ಹಂಚಿಹೋಗಿವೆ. ಚಳಿಗಾಲದಲ್ಲಿ ಆ ಮನೆ ಎಷ್ಟು ತಣ್ಣಗಿದ್ದೀತು ಅಂತ ಇಲ್ಲಿನ ಹಳೆ ಬಾಡಿಗೆ ಮನೆಗಳಲ್ಲಿ ಒಂದು ಜನವರಿ ಕಳೆದ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಗೋಪುರಗಳ ತುದಿಯಲ್ಲಿ ಇ ಮತ್ತು ಎಸ್ ಅನ್ನುವ ಇಂಗ್ಲಿಷ್ ಅಕ್ಷರಗಳನ್ನು ಆಳೆತ್ತರಕ್ಕೆ ಕಲ್ಲಿನಲ್ಲಿ ಕಡೆದು, ಮೇಲೊಂದು ಕಿರೀಟ ಇಟ್ಟಿದ್ದಾರೆ. ಎಲಿಜಬೆತ್ ಶ್ರೂಸ್‌ಬರಿ ಅಂತ ಅರ್ಥ. ಗಂಡನ ಹೆಸರಿನ ಮರೆಯಲ್ಲಿ ಆಸ್ತಿ ಮಾಡಬೇಕಾಗಿದ್ದ, ಮಗನ ಹೆಸರಿನಲ್ಲಿ ತವರು ಕೊಳ್ಳಬೇಕಾಗಿದ್ದ ಹೆಂಗಸು ಕೊನೆಗೆ ತನ್ನ ಹೆಸರನ್ನು ಆಕಾಶಕ್ಕೆ ಬರೆಸಿದಳು. ಜಂಬ ಅಂತ ನಗುವವರು ನಗಬಹುದು. ನಮಗೆ ಅದು ಖಾತೆ ಪತ್ರದ ಹಾಗೆ ಕಾಣುತ್ತೆ.

ಮೆಟ್ಟಿಲು ಹತ್ತಿದರೆ

ಒಳಗೆ ಮೂರು ಅಂತಸ್ತು. ಕೆಳಗೆ ಅಡುಗೆಮನೆ, ಆಳುಕಾಳುಗಳು. ನಡುವೆ ಮನೆಯವರು. ಮೇಲೆ ರಾಜಮರ್ಯಾದೆಯ ಕೋಣೆಗಳು. ಮೇಲೆ ಹೋದ ಹಾಗೆ ಕಿಟಕಿಗಳೂ ಎತ್ತರವಾಗುತ್ತಾ ಹೋಗುತ್ತವೆ. ಅಗಲವಾದ ಕಲ್ಲಿನ ಮೆಟ್ಟಿಲು ಸುತ್ತಿ ಸುತ್ತಿ ಹತ್ತಿ ಕೊನೆಗೆ ಹೈ ಗ್ರೇಟ್ ಚೇಂಬರ್ ತಲುಪುತ್ತೇವೆ. ಗೋಡೆಯ ಕೆಳಭಾಗದಲ್ಲಿ ಬ್ರಸೆಲ್ಸ್‌ನಲ್ಲಿ ನೇಯ್ದ, ಯುಲಿಸಿಸ್ ಕಥೆಯ ಚಿತ್ರಗಂಬಳಿಗಳು. ಮೇಲುಭಾಗದಲ್ಲಿ ಅಬ್ರಹಾಂ ಸ್ಮಿತ್ ಗಾರೆಯಲ್ಲಿ ಮಾಡಿ ಬಣ್ಣ ಹಚ್ಚಿದ ಒಂದು ಇಡೀ ಕಾಡು, ಅದರೊಳಗೆ ಬೇಟೆಯ ದೇವತೆ ಡಯಾನಾ. ಮದುವೆಯಾಗದ ರಾಣಿಗೆ ಹೋಲಿಸಿ ಮಾಡಿದ ಗೌರವ ಅದು. ರಾಣಿ ಒಂದು ದಿನ ಬಂದಾಳು ಅಂತ ಸಿದ್ಧವಾದ ಕೋಣೆ. ಎಲಿಜಬೆತ್ ಕೊನೆವರೆಗೂ ಹಾರ್ಡ್‌ವಿಕ್‌ಗೆ ಬರಲೇ ಇಲ್ಲ.

ಪಕ್ಕದ ಲಾಂಗ್ ಗ್ಯಾಲರಿ ಸುಮಾರು 50 ಮೀಟರ್ ಉದ್ದ. ಮಳೆಗಾಲದಲ್ಲಿ ಮನೆಯೊಳಗೇ ವಾಕಿಂಗ್ ಮಾಡುವ ಪಡಸಾಲೆ ಅನ್ನಬಹುದು. ಇಲ್ಲಿನ ಗಿಡಿಯನ್ ಕಥೆಯ 13 ಚಿತ್ರಗಂಬಳಿಗಳನ್ನು ಬೆಸ್ ಕೊಂಡದ್ದು 1592ರಲ್ಲಿ, ಸತ್ತುಹೋಗಿದ್ದ ಸರ್ ಕ್ರಿಸ್ಟಫರ್ ಹ್ಯಾಟನ್‌ನ ವಾರಸುದಾರರಿಂದ. ಬೆಲೆ 300 ಪೌಂಡಿಗೂ ಮೇಲೆ. ಅದರಲ್ಲಿ ಹ್ಯಾಟನ್‌ನ ಲಾಂಛನ ಇದೆ, ಅಳಿಸಿ ನಮ್ಮದು ಹಾಕಬೇಕು ಅಂತ ಹೇಳಿ 5 ಪೌಂಡ್ ಇಳಿಸಿಕೊಂಡಳು. ಆಮೇಲೆ ಬಟ್ಟೆಯ ಮೇಲೆ ತನ್ನ ಲಾಂಛನ ಬರೆಸಿ ಅದರ ಮೇಲೆ ಹೊಲಿಸಿಬಿಟ್ಟಳು. ಚಿಕ್ಕಪೇಟೆಯಲ್ಲಿ ಚೌಕಾಸಿ ಮಾಡುವ ನಮ್ಮ ಅಮ್ಮಂದಿರು ಮೆಚ್ಚುವ ವ್ಯವಹಾರ. 1597ರ ಅಕ್ಟೋಬರಿನಲ್ಲಿ ಬೆಸ್ ಹೊಸ ಮನೆಗೆ ಒಕ್ಕಲು ಬಂದಳು.

ಮೊಮ್ಮಗಳಿಗೆ ಅದೇ ಮನೆ

ಇಲ್ಲಿಯವರೆಗೆ ಬೆಸ್‌ಳ ಗೆಲುವು. ಅದೇ ಮನೆಯಲ್ಲಿ ಇನ್ನೊಬ್ಬಳು ಇದ್ದಳು, ಮೊಮ್ಮಗಳು ಆರಬೆಲ್ಲಾ. 1574ರಲ್ಲಿ ಬೆಸ್ ತನ್ನ ಮಗಳು ಎಲಿಜಬೆತ್‌ಳನ್ನು ರಾಜವಂಶದ ಚಾರ್ಲ್ಸ್ ಸ್ಟುವರ್ಟ್‌ಗೆ ರಾಣಿಯ ಅನುಮತಿ ಇಲ್ಲದೆ ಕೊಟ್ಟು ಮದುವೆ ಮಾಡಿದ್ದಳು. ರಾಣಿ ಕೆಂಡವಾಗಿ ಹುಡುಗನ ತಾಯಿಯನ್ನು ಟವರ್ ಆಫ್ ಲಂಡನ್‌ಗೆ ಕಳಿಸಿದಳು. 1575ರಲ್ಲಿ ಆರಬೆಲ್ಲಾ ಹುಟ್ಟಿದಳು. ಮರುವರ್ಷ ಅಪ್ಪ ಸತ್ತ, 1582ರಲ್ಲಿ ಅಮ್ಮನೂ ಹೋದಳು. ಮಕ್ಕಳಿಲ್ಲದ ರಾಣಿಯ ನಂತರ ಸಿಂಹಾಸನಕ್ಕೆ ಹಕ್ಕಿದ್ದ ಕೆಲವೇ ಜನರಲ್ಲಿ ಈ ಮಗುವೂ ಒಬ್ಬಳು. ಅಜ್ಜಿ ಅವಳನ್ನು ರಾಣಿಯಾಗುವವಳ ಹಾಗೆ ಓದಿಸಿ ಬೆಳೆಸಿದಳು.

ಆದರೆ ಸಿಂಹಾಸನಕ್ಕೆ ಹತ್ತಿರ ಇರುವವರ ಮೇಲೆ ಎಲ್ಲರ ಕಣ್ಣು. ಯಾರೋ ಅಪಹರಿಸಿ ಮದುವೆ ಮಾಡಿಕೊಂಡರೆ ಅನ್ನುವ ಭಯ. ಹಾಗಾಗಿ ಆರಬೆಲ್ಲಾ ಎಲ್ಲಿ ಹೋದರೂ ಕಾವಲು. 25 ದಾಟಿದರೂ ಮದುವೆ ಇಲ್ಲ, ಸ್ವಂತ ಬದುಕಿಲ್ಲ, ಎದುರಿಗೆ ಅಜ್ಜಿ. 1602ರ ಕೊನೆಗೆ ಅವಳು ಗುಟ್ಟಾಗಿ ಒಂದು ಮದುವೆ ಹೊಂದಿಸಿಕೊಳ್ಳಲು ನೋಡಿದಳು. ಅದು ಬಯಲಾಯ್ತು. 1603ರ ಮಾರ್ಚಿನಲ್ಲಿ ಹಾರ್ಡ್‌ವಿಕ್‌ನಿಂದ ತಪ್ಪಿಸಿಕೊಳ್ಳಲು ನೋಡಿದಳು, ಅದೂ ಆಗಲಿಲ್ಲ. ಸಿಟ್ಟಾದ ಬೆಸ್ ತನ್ನ ಉಯಿಲಿನಿಂದ ಅವಳ ಹೆಸರನ್ನೂ, ಅವಳಿಗೆ ನೆರವಾದ ಹಿರಿಮಗ ಹೆನ್ರಿಯ ಹೆಸರನ್ನೂ ತೆಗೆಸಿದಳು. ಆರಬೆಲ್ಲಾ 1610ರಲ್ಲಿ ವಿಲಿಯಂ ಸೀಮೋರ್‌ನನ್ನು ಗುಟ್ಟಾಗಿ ಮದುವೆಯಾಗಿ, ಓಡಿಹೋಗುವಾಗ ಸಿಕ್ಕಿಬಿದ್ದು, 1615ರಲ್ಲಿ ಟವರ್‌ನಲ್ಲೇ ಸತ್ತಳು.

ನಾವು ಈ ಭಾಗವನ್ನು ಬಿಟ್ಟು ಬೆಸ್‌ಳನ್ನು ಬರೀ ಧೀರ ಮಹಿಳೆ ಅಂತ ಹೊಗಳಿ ಮುಗಿಸಬಹುದಿತ್ತು. ಅದು ಸರಿಯಲ್ಲ ಅನ್ನಿಸಿತು. ಹೆಣ್ಣಿಗೆ ಆಸ್ತಿ ಕೊಡದ ಕಾನೂನಿನೊಳಗೆ ದಾರಿ ಮಾಡಿಕೊಂಡವಳು, ತನ್ನ ಮಕ್ಕಳು ಮೊಮ್ಮಕ್ಕಳ ಮದುವೆಯ ವಿಷಯ ಬಂದಾಗ ಅದೇ ಕಾನೂನಿನ ಲೆಕ್ಕವನ್ನೇ ಹಾಕಿದಳು. ಅಜ್ಜಿಗೆ ಬಿಡುಗಡೆ ಕೊಟ್ಟ ಮನೆ ಮೊಮ್ಮಗಳಿಗೆ ಬಂದೀಖಾನೆಯಾಯ್ತು. ಎರಡೂ ನಿಜ. ಆ ಕಿಟಕಿಗಳಿಂದ ಮೈಲಿಗಟ್ಟಲೆ ದೂರ ಕಾಣುತ್ತಿತ್ತು, ಆರಬೆಲ್ಲಾಗೆ ಹೊರಗೆ ಹೋಗುವುದು ಮಾತ್ರ ಆಗುತ್ತಿರಲಿಲ್ಲ.

ಆಮೇಲೆ

ಬೆಸ್ 1608ರ ಫೆಬ್ರವರಿ 13ರಂದು ಹಾರ್ಡ್‌ವಿಕ್‌ನಲ್ಲೇ ತೀರಿಕೊಂಡಳು. ಕಟ್ಟಡ ಕೆಲಸ ನಡೆಯುವ ತನಕ ಸಾವಿಲ್ಲ ಅಂತ ಆಕೆಗೆ ಯಾರೋ ಶಕುನ ಹೇಳಿದ್ದರಂತೆ, ಆ ಚಳಿಗಾಲ ಹಿಮ ಗಟ್ಟಿಯಾಗಿ ಗಾರೆ ಕಲಸಲಾಗದೆ ಕೆಲಸ ನಿಂತದ್ದೇ ಪ್ರಾಣ ಹೋಯಿತಂತೆ. ಇದು ಊರಲ್ಲಿ ಹುಟ್ಟಿಕೊಂಡ ಕಥೆ, ಕೇಳೋಕೆ ಚೆನ್ನಾಗಿದೆ. ಸಮಾಧಿಯನ್ನು ಡರ್ಬಿಯ ಆಲ್ ಸೇಂಟ್ಸ್ ಚರ್ಚಿನಲ್ಲಿ, ಈಗಿನ ಡರ್ಬಿ ಕ್ಯಾಥೆಡ್ರಲ್‌ನಲ್ಲಿ, ತಾನು ಬದುಕಿದ್ದಾಗಲೇ ಕಟ್ಟಿಸಿಕೊಂಡಿದ್ದಳು. ಅದೇ ಊರಿನಲ್ಲಿ 12 ಜನ ಬಡ ವೃದ್ಧರಿಗೆ ಇರೋಕೆ ಮನೆಗಳನ್ನೂ ಕಟ್ಟಿಸಿದ್ದಳು.

ಆಸ್ತಿ ಮಗ ವಿಲಿಯಂಗೆ ಬಂತು. ಅವನು 1618ರಲ್ಲಿ ಡೆವನ್‌ಶೈರಿನ ಅರ್ಲ್ ಆದ. ಈಗಿನ ಡೆವನ್‌ಶೈರ್ ಡ್ಯೂಕ್‌ಗಳು ಅವನ ವಂಶದವರು. ಎರಡನೇ ಎಲಿಜಬೆತ್ ರಾಣಿ ಕೂಡ ತಾಯಿಯ ಕಡೆಯಿಂದ ಬೆಸ್‌ಳ ಸಂತತಿ. ದಾರ್ಶನಿಕ ಥಾಮಸ್ ಹಾಬ್ಸ್ ಈ ಕುಟುಂಬದ ಮಕ್ಕಳಿಗೆ ಪಾಠ ಹೇಳಿ, ಅವರ ಆಶ್ರಯದಲ್ಲೇ ಬದುಕಿ, 1679ರಲ್ಲಿ ಹಾರ್ಡ್‌ವಿಕ್‌ನಲ್ಲಿ ಸತ್ತ. ಪೊಲಿಟಿಕಲ್ ಸೈನ್ಸ್ ಓದುವವರು ಅವನ ಸಮಾಧಿ ನೋಡಬೇಕಾದರೆ ಹತ್ತಿರದ ಆಲ್ಟ್ ಹಕ್‌ನಲ್ ಚರ್ಚಿಗೆ ಹೋಗಬಹುದು.

ಕುಟುಂಬದವರು ಚಾಟ್ಸ್‌ವರ್ತನ್ನೇ ಮುಖ್ಯ ಮನೆ ಮಾಡಿಕೊಂಡು ಅದನ್ನು ಕಾಲಕ್ಕೆ ತಕ್ಕ ಹಾಗೆ ಕೆಡವಿ ಕಟ್ಟಿದರು. ಬೆಸ್ ಕಟ್ಟಿಸಿದ ಚಾಟ್ಸ್‌ವರ್ತ್ ಈಗ ಹೆಚ್ಚುಕಡಿಮೆ ಇಲ್ಲ. ಹಾರ್ಡ್‌ವಿಕ್ ಮೂಲೆಗೆ ಬಿದ್ದದ್ದರಿಂದಲೇ ಉಳಿಯಿತು. 1601ರಲ್ಲಿ ಬೆಸ್ ಮನೆಯ ಸಾಮಾನನ್ನೆಲ್ಲ ಪಟ್ಟಿ ಮಾಡಿಸಿದ್ದಳು. ಆ ಪಟ್ಟಿಯಲ್ಲಿರುವ ಎಷ್ಟೋ ಗಂಬಳಿ, ಕಸೂತಿ, ಮೇಜು ಈಗಲೂ ಅಲ್ಲೇ ಇವೆ. 1950ರಲ್ಲಿ ಹತ್ತನೇ ಡ್ಯೂಕ್ ಸತ್ತಾಗ ಬಂದ ಭಾರಿ ತೆರಿಗೆಗೆ ಬದಲಾಗಿ ಮನೆಯನ್ನು ಸರ್ಕಾರಕ್ಕೆ ಒಪ್ಪಿಸಿದರು. 1959ರಲ್ಲಿ ಅದು ನ್ಯಾಷನಲ್ ಟ್ರಸ್ಟ್ ಕೈಗೆ ಬಂತು. ಪಕ್ಕದ ಹಳೆ ಮನೆಗೆ ಈಗ ಸೂರಿಲ್ಲ, ಬರೀ ಗೋಡೆಗಳು ನಿಂತಿವೆ. ಅಲ್ಲೊಂದು ಇಲ್ಲೊಂದು ಒಲೆಯ ಮೇಲೆ ಗಾರೆಯ ಚಿತ್ರಗಳು ಮಳೆ ಗಾಳಿ ತಡೆದು ಉಳಿದಿವೆ.

ಹೋಗುವವರಿಗೆ ಒಂದು ಮಾತು. ಮೊದಲು ಹಳೆ ಮನೆ ನೋಡಿ, ಆಮೇಲೆ ಹೊಸದಕ್ಕೆ ಹೋಗಿ. ಅಪ್ಪನ ಮೇನರ್ ಇದ್ದ ಜಾಗದಿಂದ ಮಗಳು ಕಟ್ಟಿದ ಮನೆಗೆ ನಡೆದರೆ ಕೆಲವೇ ನಿಮಿಷ. ಬೆಸ್‌ಗೆ ಅಷ್ಟು ದೂರ ನಡೆಯೋಕೆ ಸುಮಾರು 70 ವರ್ಷ ಹಿಡಿಯಿತು.